ಒಳಕೋಣೆಯ ರಿಪೇರಿ

ನಾನು ಮದುವೆಯಾಗಿ ತೀರ್ಥಹಳ್ಳಿಯಿಂದ ಸಾಗರಕ್ಕೆ ಬಂದದ್ದು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ. ನಮ್ಮನೆಯವರದು ರೇಡಿಯೋ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಸಣ್ಣ ಕೋಣೆ. ಆ ಕೋಣೆಯ ಮೇಜಿನ ಮೇಲೆ ಬೆನ್ನು ಬಿಚ್ಚಿದ ರೇಡಿಯೋಗಳು ಸಾಲಾಗಿ ಕೂತಿರುತ್ತಿದ್ದವು. ಬಂದ ಎರಡನೇ ವಾರವೇ ನಾನು ಅವರ ಪಕ್ಕ ನಿಂತು, ಇದರೊಳಗೆ ಮಾತು ಎಲ್ಲಿಂದ ಬರುತ್ತದೆ ಎಂದು ಕೇಳಿದೆ.

"ಸ್ಪೀಕರಿಂದ" ಎಂದರು.

"ಅದು ಕಾಣ್ತದಲ್ಲ. ಸ್ಪೀಕರಿಗೆ ಎಲ್ಲಿಂದ ಬರ್ತದೆ?"

ಅವರು ವಾಲ್ವ್ ತೋರಿಸಿದರು. ವಾಲ್ವಿಗೆ ಎಲ್ಲಿಂದ ಎಂದೆ. ಕಾಯಿಲ್ ತೋರಿಸಿದರು. ಕಾಯಿಲಿಗೆ ಎಲ್ಲಿಂದ ಎಂದೆ. ಕೊನೆಗೆ ಅವರು ಕೈಮುಗಿದು, "ನೀನು ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕು ಮಾರಾಯ್ತಿ" ಎಂದರು. ಒಗ್ಗರಣೆ ಹಾಕಿ ಮತ್ತೆ ಬಂದು ನಿಂತೆ.

ಇದು ನನ್ನ ಹಳೆಯ ಚಾಳಿ. ಮುಚ್ಚಿದ್ದನ್ನು ತೆರೆದು ನೋಡದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ತವರಿನಲ್ಲಿ ಅಪ್ಪನ ಗೋಡೆ ಗಡಿಯಾರ ಬಿಚ್ಚಿ ಮತ್ತೆ ಜೋಡಿಸಿದಾಗ ಒಂದು ಚಕ್ರ ಕೈಯಲ್ಲೇ ಉಳಿದಿತ್ತು. ಗಡಿಯಾರ ಮಾತ್ರ ಸರಿಯಾಗಿಯೇ ನಡೆಯಿತು. ಹಾಗಾದರೆ ಆ ಚಕ್ರವನ್ನು ಇಟ್ಟದ್ದು ಯಾಕೆ ಎನ್ನುವುದು ಇವತ್ತಿಗೂ ನನಗೆ ಗೊತ್ತಾಗಿಲ್ಲ.

ನಮ್ಮ ಅಂಗಡಿಯಲ್ಲಿ ರೇಡಿಯೋ ಮಾರುವ ಕ್ರಮವೇ ಬೇರೆ ಇತ್ತು. ಬಯಲುಸೀಮೆಯಲ್ಲಾದರೆ ಗಿರಾಕಿ ಬರುತ್ತಾನೆ, ದುಡ್ಡು ಕೊಟ್ಟು ಪೆಟ್ಟಿಗೆ ಹೊತ್ತುಕೊಂಡು ಹೋಗುತ್ತಾನೆ. ನಮ್ಮಲ್ಲಿ ಹಾಗೆ ನಡೆಯುವುದಿಲ್ಲ. ಇಲ್ಲಿ ಒಂದೊಂದು ಮನೆ ಒಂದೊಂದು ಗುಡ್ಡದ ಬುಡದಲ್ಲಿ. ಅಂಗಡಿಯಲ್ಲಿ ಗಂಟಲು ಹರಿಯುವಂತೆ ಹಾಡಿದ ರೇಡಿಯೋ ಗಿರಾಕಿಯ ಮನೆಗೆ ಹೋದರೆ ಮೂಕ. ಅದಕ್ಕೇ ಇವರು ಮೊದಲು ಮಾರುತ್ತಲೇ ಇರಲಿಲ್ಲ. ರೇಡಿಯೋ ಹೊತ್ತು ಬಸ್ಸು ಹಿಡಿದು, ಬಸ್ಸು ಇಲ್ಲದಲ್ಲಿ ನಡೆದು, ಗಿರಾಕಿಯ ಮನೆಗೆ ಹೋಗುತ್ತಿದ್ದರು. ಮನೆಯ ಮೂಲೆ ಮೂಲೆಯಲ್ಲಿ ಅದನ್ನು ಇಟ್ಟು, ತಿರುಗಿಸಿ, ಸ್ಟೇಷನ್ ಚೆನ್ನಾಗಿ ಸಿಗುವ ಜಾಗ ಹುಡುಕಿ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ ಬರುತ್ತಿದ್ದರು. ಎಂಟು ದಿನ ಕೇಳಿ, ಬೇಕಾದರೆ ಇಟ್ಟುಕೊಳ್ಳಿ, ಬೇಡವಾದರೆ ವಾಪಸ್ ಕೊಡಿ. ಹೊಸನಗರದ ಕಡೆಯ ಒಂದು ಮನೆಯಲ್ಲಿ ಅಟ್ಟದ ಮೇಲೆ ಮಾತ್ರ ಸ್ಟೇಷನ್ ಸಿಗುತ್ತಿತ್ತಂತೆ. ಆ ಮನೆಯ ಯಜಮಾನರು ವಾರ್ತೆ ಕೇಳಲು ದಿನಾ ಏಣಿ ಹತ್ತುತ್ತಿದ್ದರು. ಇನ್ನೊಂದು ಮನೆಯಲ್ಲಿ ಗುರುತು ಬಿದ್ದದ್ದು ಬಚ್ಚಲ ಗೋಡೆಯ ಪಕ್ಕ. ಅಲ್ಲಿ ಸ್ನಾನಕ್ಕೆ ಹೋದವರು ಬೇಗ ಹೊರಗೆ ಬರುವುದನ್ನೇ ಬಿಟ್ಟರು.

ಆಮೇಲೆ ಟ್ರಾನ್ಸಿಸ್ಟರ್ ಬಂತು. ವಾಲ್ವ್ ರೇಡಿಯೋದಲ್ಲಿ ಯಾವುದು ಸತ್ತಿದೆ ಎಂದು ನೋಡಿದರೇ ಗೊತ್ತಾಗುತ್ತಿತ್ತು. ಬದುಕಿದ್ದು ಕೆಂಪಗೆ ಉರಿಯುತ್ತಿತ್ತು. ಟ್ರಾನ್ಸಿಸ್ಟರಿನ ಒಳಗಿನದೆಲ್ಲ ಕಾಳುಮೆಣಸಿನಷ್ಟು ಗಾತ್ರ, ಅದರ ಕಾಲುಗಳು ಕೂದಲೆಳೆಯಷ್ಟು. ವಸ್ತುಗಳು ಸಣ್ಣದಾಗುತ್ತ ಹೋದ ವರ್ಷಗಳಲ್ಲೇ ಇವರ ಕಣ್ಣೂ ಸೋಲುತ್ತ ಹೋಯಿತು. ದೂರದ ಬಸ್ಸು, ಮನುಷ್ಯರು ಎಲ್ಲ ಕಾಣುತ್ತಿತ್ತು. ಕೈಯಳತೆಯ ಸಣ್ಣದು ಕಾಣುತ್ತಿರಲಿಲ್ಲ. ಶಿವಮೊಗ್ಗದ ಕಣ್ಣಿನ ಡಾಕ್ಟರು ಇದು ಕನ್ನಡಕದಿಂದ ಸರಿಹೋಗುವುದಲ್ಲ ಎಂದು ಕಡ್ಡಿ ಮುರಿದಂತೆ ಹೇಳಿ ಕಳಿಸಿದರು.

ಅಲ್ಲಿಂದ ಬಂದ ಮಾರನೆಯ ದಿನ ಇವರು ನನ್ನನ್ನು ಕರೆದು, "ಈ ತಂತಿ ಎಲ್ಲಿ ಬಿಟ್ಟಿದೆ ನೋಡು" ಎಂದರು. ತೋರಿಸಿದೆ. "ಬೆಸುಗೆ ಹಾಕು" ಎಂದರು. ಹಾಕಿದೆ. ಟ್ರಾನ್ಸಿಸ್ಟರು ಕೆಮ್ಮಿ, ಗೊರಗೊರ ಎಂದು, ಆಮೇಲೆ ಅಚ್ಚುಕಟ್ಟಾಗಿ ಪೇಟೆ ಧಾರಣೆ ಓದತೊಡಗಿತು. ಆ ಸಂತೋಷ ನನಗೆ ಆಮೇಲೆ ಯಾವುದರಲ್ಲೂ ಸಿಗಲಿಲ್ಲ, ಮಕ್ಕಳ ಮದುವೆಯಲ್ಲೂ.

ಅಂಚೆಯ ಮೂಲಕ ಕಲಿಸುವ ರೇಡಿಯೋ ಕೋರ್ಸಿಗೆ ಸೇರಿದೆ. ಪಾಠ ಇಂಗ್ಲಿಷಿನಲ್ಲಿ. ಅರ್ಥವಾಗದ್ದನ್ನು ಚಿತ್ರ ನೋಡಿ ತಿಳಿದೆ, ಚಿತ್ರದಲ್ಲೂ ತಿಳಿಯದ್ದನ್ನು ಕೆಟ್ಟ ರೇಡಿಯೋ ಬಿಚ್ಚಿ ತಿಳಿದೆ. ಎರಡು ವರ್ಷದಲ್ಲಿ ಅಂಗಡಿಯ ರಿಪೇರಿಯೆಲ್ಲ ನನ್ನ ಕೈಗೆ ಬಂತು. ಆದರೆ ಹೊರಗೆ ಯಾರಿಗೂ ಅದು ಗೊತ್ತಾಗಬಾರದು. ಗಿರಾಕಿ ತಂದದ್ದನ್ನು ಇವರು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ನಾಲ್ಕು ಪ್ರಶ್ನೆ ಕೇಳಿ, ನಾಳಿದ್ದು ಬನ್ನಿ ಎನ್ನುತ್ತಿದ್ದರು. ಒಳಗೆ ತಂದು ನನ್ನ ಮುಂದೆ ಇಡುತ್ತಿದ್ದರು. ನಾಳಿದ್ದು ಗಿರಾಕಿ ಬಂದು, "ನಿಮ್ಮ ಕೈಗುಣವೇ ಕೈಗುಣ ಮಾರಾಯ್ರೆ" ಎನ್ನುವುದು ಒಳಕೋಣೆಗೆ ಸ್ಪಷ್ಟವಾಗಿ ಕೇಳುತ್ತಿತ್ತು.

ನನಗೆ ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ? ಒಂದು ದಿನ ಕೇಳಿಯೇಬಿಟ್ಟೆ.

"ಒಂದು ಸಲ ಹೇಳಿ, ಮಾಡಿದ್ದು ಇವಳು ಅಂತ. ನಿಮ್ಮ ಗಂಟೇನು ಹೋಗ್ತದೆ?"

"ಹೆಂಗಸು ರಿಪೇರಿ ಮಾಡಿದ್ದು ಅಂದ್ರೆ ಗಿರಾಕಿ ಮತ್ತೊಂದು ಅಂಗಡಿಗೆ ಹೋಗ್ತಾನೆ. ಆಮೇಲೆ ನಿಂಗೂ ಕೆಲಸ ಇಲ್ಲ, ನಂಗೂ ಇಲ್ಲ."

ಅದು ನಿಜವೂ ಇರಬಹುದು ಎನಿಸಿ ಸುಮ್ಮನಾದೆ. ಸುಮ್ಮನಾದದ್ದು ಬಾಯಿ ಮಾತ್ರ.

ಅಷ್ಟರಲ್ಲಿ ಅಂಗಡಿಗೆ ವರ್ಷಕ್ಕೊಂದು ಹೊಸ ವಸ್ತು ಬರತೊಡಗಿತು. ಟೇಪ್ ರೆಕಾರ್ಡರು ಬಂತು, ಮಿಕ್ಸಿ ಬಂತು. ಮಿಕ್ಸಿಯ ಹಿಂದೆಯೇ ಸ್ಟೆಬಿಲೈಸರ್ ಬಂತು. ಯಾಕೆಂದರೆ ನಮ್ಮ ಜೋಗದಲ್ಲಿ ಹುಟ್ಟಿದ ಕರೆಂಟು ರಾಜ್ಯವೆಲ್ಲ ಸುತ್ತಿ ಹೋಗುತ್ತಿದ್ದರೂ ಸಂಜೆಯಾದರೆ ನಮ್ಮದೇ ಬಲ್ಬು ಕೆಂಪಗೆ ಮಿಣಮಿಣ ಎನ್ನುತ್ತಿತ್ತು. ದೀಪದ ಬುಡ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಯಾವ ಹೊಸ ವಸ್ತು ಬಂದರೂ ಮಾರುವ ಮೊದಲು ಒಂದನ್ನು ಬಿಚ್ಚಿ ನೋಡಬೇಕು ಎನ್ನುವುದು ನನ್ನ ಹಟ. ಕಂಪನಿಯವರು ಬಿಚ್ಚಬೇಡಿ ಎಂದು ಚೀಟಿ ಅಂಟಿಸಿರುತ್ತಿದ್ದರು. ಆ ಚೀಟಿ ಕಂಡರೆ ನನಗೆ ಇನ್ನಷ್ಟು ಉಮೇದು. ಹಾಗೆ ನೋಡಿದ್ದಕ್ಕೇ ಒಮ್ಮೆ ಕೈಗೆ ಬಂದ ಟೇಪ್ ರೆಕಾರ್ಡರಿನ ರೋಗ ಪತ್ತೆಯಾಯಿತು. ಕಿರಗುಟ್ಟುತ್ತದೆ ಎಂದು ಅದರ ಯಜಮಾನರು ಒಳಗೆ ಒಂದು ಮಿಳ್ಳೆ ತೆಂಗಿನೆಣ್ಣೆ ಬಿಟ್ಟಿದ್ದರು. ಗಾಡಿಯ ಅಚ್ಚಿಗೆ ಎಣ್ಣೆ ಬಿಟ್ಟರೆ ಶಬ್ದ ನಿಲ್ಲುವುದಿಲ್ಲವೇ, ಅದೇ ಲೆಕ್ಕ. ರಬ್ಬರ್ ಬೆಲ್ಟು ಕೊಳೆತ ಹಲಸಿನ ಸೊಳೆಯ ಹಾಗೆ ಕೈಗೆ ಬಂತು.

ಎಂಬತ್ತರ ದಶಕ ಅರ್ಧ ಕಳೆಯುವಾಗ ಟಿವಿ ಬಂತು. ರೇಡಿಯೋ ಸ್ಟೇಷನ್ನಿಗೇ ಅಷ್ಟು ಕಷ್ಟವಿದ್ದ ಊರಿನಲ್ಲಿ ಚಿತ್ರ ಗುಡ್ಡ ಹಾರಿ ಬರಬೇಕಿತ್ತು. ಹಾಗಾಗಿ ಟಿವಿಗೂ ಅದೇ ಕ್ರಮ: ಮೊದಲು ಮನೆಗೆ ಕೊಂಡೊಯ್ದು ತೋರಿಸುವುದು, ಆಮೇಲೆ ಮಾರುವುದು. ಬ್ಯಾಕೋಡಿನ ಹತ್ತಿರದ ಒಂದು ಮನೆಯಿಂದ ಮೊದಲ ಕರೆ ಬಂತು. ಹಿಂದೆ ಇವರು ರೇಡಿಯೋ ಕೊಟ್ಟಿದ್ದ ಮನೆ. ಶರಾವತಿಗೆ ಅಣೆಕಟ್ಟು ಕಟ್ಟಿದಾಗ ಅವರ ಮನೆ, ಗದ್ದೆ ಎಲ್ಲ ಮುಳುಗಿ, ಮೇಲೆ ಹೊಸ ಮನೆ ಕಟ್ಟಿಕೊಂಡಿದ್ದರು. ಕರೆಂಟಿಗೋಸ್ಕರ ಮುಳುಗಿದ ಆ ಮನೆಯವರಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಕಾರಿನ ಬ್ಯಾಟರಿಯಲ್ಲಿ ನಡೆಯುವ ಚಿಕ್ಕ ಕಪ್ಪು-ಬಿಳುಪು ಟಿವಿ ಆಗ ಸಿಗುತ್ತಿತ್ತು. ಅದನ್ನು ತೋರಿಸುವುದು ಎಂದಾಯಿತು.

ಸಿಗಂದೂರಿನ ದೇವಿಗೂ ಕೈಮುಗಿದು ಬಂದ ಹಾಗಾಯಿತು ಎಂಬ ನೆಪ ಹೂಡಿ ನಾನೂ ಹೊರಟೆ. ನಿಜವಾಗಿ ನನಗೆ ಬೇಕಾಗಿದ್ದದ್ದು ಆ ಗುಡ್ಡಗಳ ನಡುವೆ ಚಿತ್ರ ಬರುತ್ತದೋ ಇಲ್ಲವೋ ನೋಡುವುದು. ಶರಾವತಿಯ ಹಿನ್ನೀರು ದಾಟುವ ಲಾಂಚಿನಲ್ಲಿ ಟಿವಿಯನ್ನು ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡೆ. ಆಚೆ ದಡದಿಂದ ಮನೆಯವರೆಗೆ ಜೀಪು. ರಸ್ತೆ ಎನ್ನುವುದು ಹೆಸರಿಗೆ. ನನ್ನ ಸೊಂಟವೇ ಬಿಟ್ಟುಹೋದ ಮೇಲೆ ಟಿವಿಯ ಒಳಗೆ ಏನೇನು ಬಿಟ್ಟಿತೋ ಎಂದು ದಾರಿಯುದ್ದಕ್ಕೂ ಅಂಜಿಕೆ.

ಅಲ್ಲಿ ಊರೇ ನೆರೆದಿತ್ತು. ಇವರು ಅಂಗಳದಲ್ಲಿ ನಿಂತು ನಾಲ್ಕೂ ದಿಕ್ಕು ನೋಡಿದರು. ಮನೆಯ ಮೇಲೆ ಬೇಡ, ಹಿಂದಿನ ದಿಬ್ಬದ ಮೇಲೆ ಅಂಟೆನಾ ಕಟ್ಟಿದ ಬಿದಿರಿನ ಗಳು ನಿಲ್ಲಿಸಿ ಎಂದರು. ನಿಲ್ಲಿಸಿದರು. ಜಗುಲಿಯಲ್ಲಿ ಟಿವಿ ಇಟ್ಟು, ಬ್ಯಾಟರಿಗೆ ಕ್ಲಿಪ್ ಹಾಕಿ, ಸ್ವಿಚ್ ತಿರುಗಿಸಿದರು. ಏನೂ ಇಲ್ಲ. ಬೆಳಕಿಲ್ಲ, ಶಬ್ದವಿಲ್ಲ.

"ಲೂಸ್ ಕನೆಕ್ಷನ್ ಇರ್ಬೇಕು" ಎಂದು ಇವರು ಬೆನ್ನಿನ ಮುಚ್ಚಳ ತೆಗೆದರು.

ನಾನು ಅಡುಗೆಮನೆಯ ಬಾಗಿಲಲ್ಲಿ ಹೆಂಗಸರ ಜೊತೆ ನಿಂತಿದ್ದೆ. ಹತ್ತು ವರ್ಷ ಯಾರ ಎದುರೂ ಸ್ಕ್ರೂ ಬಿಚ್ಚದಿದ್ದ ಮನುಷ್ಯ ಊರಿನವರ ಎದುರು ಬಿಚ್ಚುತ್ತಿದ್ದರು. ಮುಖ ಬೆವರಿತ್ತು. ಜನರ ಕಣ್ಣೆಲ್ಲ ಅವರ ಕೈಯ ಮೇಲೆ. ಆ ಗಾಬರಿಯಲ್ಲಿ ಬ್ಯಾಟರಿಯ ಕ್ಲಿಪ್ ತೆಗೆಯುವುದನ್ನು ಮರೆತಿದ್ದರು. ಟಿವಿ ರೇಡಿಯೋ ಅಲ್ಲ. ಬಿಟ್ಟ ಬೆಸುಗೆ ಒಂದು ಕ್ಷಣ ತಾಗಿದರೂ ಸಾಕು, ಪಿಕ್ಚರ್ ಟ್ಯೂಬಿಗೆ ಹೋಗುವ ದಪ್ಪ ವಯರಿನಲ್ಲಿ ಸಾವಿರಾರು ವೋಲ್ಟು ಏರುತ್ತದೆ. ಇವರ ಬೆರಳು ತಡಕುತ್ತ ತಡಕುತ್ತ ಆ ವಯರಿನ ಕಡೆಗೇ ಹೋಗುತ್ತಿತ್ತು.

"ಕೈ ತೆಗೀರಿ" ಎಂದು ಕೂಗಿದೆ.

ಅಷ್ಟು ಜನರ ನಡುವೆ ಗಂಡನ ಮೇಲೆ ಹಾಗೆ ಕೂಗಿದ್ದು ಅದೇ ಮೊದಲು. ಇವರು ಕೈ ತೆಗೆದರು. ಜನರೆಲ್ಲ ನನ್ನ ಕಡೆ ತಿರುಗಿದರು. ಹೊಸ್ತಿಲ ಹತ್ತಿರ ಎಲೆ ಅಡಿಕೆ ಹಾಕುತ್ತ ಕೂತಿದ್ದ ಆ ಮನೆಯ ಅಜ್ಜಿ ಮಾತ್ರ ನಿಧಾನವಾಗಿ, "ಹೋಗು ತಂಗಿ, ನೀನೇ ನೋಡು. ಅವ್ರಿಗೆ ಕಾಣದಿಲ್ಲ" ಎಂದರು.

ನಾನು ಹೋದೆ. ಕ್ಲಿಪ್ ಕಿತ್ತೆ. ಜೀಪಿನ ಕುಲುಕಾಟಕ್ಕೆ ಒಂದು ಬೆಸುಗೆ ಬಿರುಕು ಬಿಟ್ಟಿತ್ತು. ಕರೆಂಟಿಲ್ಲದ ಮನೆಗಳಿಗೆಂದು ಇವರ ಚೀಲದಲ್ಲಿ ಒಲೆಯಲ್ಲಿ ಕಾಯಿಸುವ ಹಳೆಯ ತಾಮ್ರದ ಬೆಸುಗೆ ಕಡ್ಡಿ ಇತ್ತು. ಅಡುಗೆಮನೆಯ ಒಲೆಗೆ ಅದನ್ನು ಇಟ್ಟು ಕಾಯಿಸಿ ತಂದು, ಬಗ್ಗಿ, ಬೆಸುಗೆ ಹಾಕಿದೆ. ಇವರು ಪಕ್ಕದಲ್ಲಿ ಸ್ಕ್ರೂ ಡ್ರೈವರ್ ಹಿಡಿದು ನಿಂತಿದ್ದರು. ಸ್ವಿಚ್ ಹಾಕಿದಾಗ ಪರದೆಯ ಮೇಲೆ ಮೊದಲು ಇರುವೆ ಗೂಡು ಕೆದಕಿದ ಹಾಗೆ ಚುಕ್ಕಿಗಳು, ಆಮೇಲೆ ಅದರ ನಡುವೆ ಒಬ್ಬ ಮನುಷ್ಯ. ಆತ ಹಿಂದಿಯಲ್ಲಿ ಗೋಧಿ ಬೇಸಾಯದ ವಿಷಯ ಹೇಳುತ್ತಿದ್ದ. ಜೀವಮಾನದಲ್ಲಿ ಗೋಧಿ ಬೆಳೆಯದ, ಹಿಂದಿ ತಿಳಿಯದ ಅಷ್ಟೂ ಜನ ಉಸಿರು ಬಿಗಿಹಿಡಿದು ಪೂರ್ತಿ ನೋಡಿದರು.

ಆ ಸಂಜೆ ಊಟಕ್ಕೆ ಕೂತಾಗ ನಾನು ಅಜ್ಜಿಯನ್ನು ಕೇಳಿದೆ, "ನಿಮಗೆ ಹ್ಯಾಂಗೆ ಗೊತ್ತಾಯ್ತು?"

"ನಮ್ಮ ರೇಡಿಯೋ ರಿಪೇರಿಯಾಗಿ ಬಂತಲ್ಲ, ಅದ್ರ ಒಳಗೆ ಮೊಳದುದ್ದದ ಕೂದ್ಲು ಸಿಕ್ತು. ಇವ್ರ ತಲೇಲಿ ಅಷ್ಟುದ್ದ ಎಲ್ಲಿತ್ತು?"

ಪಂಕ್ತಿಯೆಲ್ಲ ನಕ್ಕಿತು. ಇವರೂ ತಮ್ಮ ಬೋಳು ತಲೆ ಸವರಿಕೊಂಡು ನಕ್ಕರು.

"ಮತ್ತೆ ಯಾರೂ ಹೇಳಲೇ ಇಲ್ಲ" ಎಂದೆ.

"ಹೊತ್ಕಂಡು ನಡ್ಕಂಡು ಬಂದು ರೇಡಿಯೋ ಕೊಟ್ಟೋರು. ನಿಮ್ಮ ಕಣ್ಣು ಹೋಯ್ತಲ್ಲ ಅಂತ ಬಾಯಿಬಿಟ್ಟು ಹೇಳದು ಹ್ಯಾಂಗೆ ತಂಗಿ?" ಎಂದರು ಅಜ್ಜಿ. ಇವರು ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಮಾರನೆಯ ಬೆಳಿಗ್ಗೆ ಲಾಂಚಿನಲ್ಲಿ ವಾಪಸಾಗುವಾಗ ನಾವಿಬ್ಬರೂ ಒಂದು ಬದಿಗೆ ನಿಂತಿದ್ದೆವು. ಇವರು ನೀರು ನೋಡುತ್ತ, "ನಂಗೂ ಗೊತ್ತಿತ್ತು" ಎಂದರು.

"ಎಂತದು?"

"ಗಿರಾಕಿಗಳಿಗೆ ಗೊತ್ತು ಅನ್ನದು. ನಾಲ್ಕೈದು ವರ್ಷ ಆಯ್ತು."

ನನಗೆ ಮೈಯೆಲ್ಲ ಉರಿದುಹೋಯಿತು. ಹೆಂಗಸು ಎಂದರೆ ಗಿರಾಕಿ ಓಡುತ್ತಾನೆ ಎಂದು ನಂಬಿಸಿ ನನ್ನನ್ನು ಒಳಗೆ ಕೂರಿಸಿದ್ದ ಮನುಷ್ಯ. ಗಿರಾಕಿ ಎಲ್ಲಿಗೂ ಓಡಿರಲಿಲ್ಲ, ತಿಳಿದೇ ಬರುತ್ತಿದ್ದ.

"ಮತ್ತೆ ನನ್ನ ಯಾಕೆ ಒಳಗೇ ಇಟ್ರಿ?"

"ನೀನು ಹೊರಗೆ ಬಂದ್ರೆ ನಾನು ಎಲ್ಲಿ ಕೂರ್ಲಿ?"

ಬಯ್ಯಲು ಬಾಯಿ ತೆರೆದವಳು ಅವರ ಕೈಯಿಂದ ಬೆಸುಗೆ ಕಡ್ಡಿಯ ಚೀಲ ಕಿತ್ತು ನನ್ನ ಹೆಗಲಿಗೆ ಹಾಕಿಕೊಂಡೆ.

ಊರಿಗೆ ಬಂದ ಮಾರನೆಯ ದಿನದಿಂದ ಇವರು ಅಂಗಡಿಗೆ ಬರುವುದನ್ನು ನಿಲ್ಲಿಸಿದರು. ಜಗಳವಿಲ್ಲ, ಮುನಿಸೂ ಅಲ್ಲ. "ಇನ್ನು ನೀನೇ ನೋಡ್ಕೋ" ಎಂದರು, ಅಷ್ಟೇ. ನಾನು ಮೇಜನ್ನು ಬೆಳಕಿರುವ ಕಡೆ, ಅಂಗಡಿಯ ಮುಂದಕ್ಕೇ ಎಳೆಸಿದೆ. ರಸ್ತೆಯಲ್ಲಿ ಹೋಗುವವರಿಗೆ ಕಾಣುವ ಹಾಗೆ ಕೂತು ಬೆಸುಗೆ ಹಾಕಿದೆ. ಮೊದಲ ವಾರ ಜನ ನಿಂತು ನೋಡಿದರು, ಎರಡನೇ ವಾರ ಸುಮ್ಮನೆ ಹಾದುಹೋದರು, ಮೂರನೇ ವಾರ ತಮ್ಮ ಕೆಟ್ಟ ಮಿಕ್ಸಿ ಹಿಡಿದು ಬಂದರು. ಇಷ್ಟು ಸುಲಭವಿತ್ತೇ ಇದು ಎಂದು ನನಗೇ ಸೋಜಿಗ.

ತೊಡಕಾದದ್ದು ಟಿವಿಯಲ್ಲಿ. ಟಿವಿಯ ಒಳಗಿನದನ್ನು ಏನು ಕೇಳಿದರೂ ಹೇಳಬಲ್ಲೆ. ಆದರೆ ಗಿರಾಕಿ ಅದನ್ನು ಕೇಳುವುದಿಲ್ಲ. "ನಮ್ಮನೇಲಿ ಹಿಡೀತದಾ?" ಎಂದು ಒಂದೇ ಮಾತು ಕೇಳುತ್ತಾನೆ. ಹೊಸನಗರದ ಕಡೆಯವರೊಬ್ಬರಿಗೆ ಧೈರ್ಯವಾಗಿ ಹಿಡಿಯುತ್ತದೆ ಎಂದುಬಿಟ್ಟೆ. ಎರಡೇ ದಿನದಲ್ಲಿ ಟಿವಿ ವಾಪಸು ಬಂತು. ಮನೆಯ ಹಿಂದೆ ಗೋಡೆಯ ಹಾಗೆ ಗುಡ್ಡ ನಿಂತಿದೆ, ಅಂಟೆನಾ ಎಷ್ಟು ಎತ್ತರಿಸಿದರೂ ಒಂದು ಚುಕ್ಕಿ ಕಾಣಲಿಲ್ಲ ಎಂದರು. ಅವರ ಮುಖ ನೋಡಲು ನನಗೆ ನಾಚಿಕೆಯಾಯಿತು.

ಮುಂದಿನ ವಾರ ತೀರ್ಥಹಳ್ಳಿ ರಸ್ತೆಯ ಒಳಗಿನ ಊರಿನಿಂದ ಒಬ್ಬ ಗೌಡರು ಬಂದು ಅದನ್ನೇ ಕೇಳಿದರು. ಇರಿ ಎಂದು ಒಳಗೆ ಹೋದೆ. ಇವರು ಹಿಂದಿನ ಜಗುಲಿಯಲ್ಲಿ ಕೂತು ಬೆರಳಿನಲ್ಲೇ ತಡವಿಕೊಂಡು ಬೀನ್ಸು ಮುರಿಯುತ್ತಿದ್ದರು. ಇಂಥ ಊರಿನ ಇಂಥ ಗೌಡರು ಎಂದೆ. ತಲೆ ಎತ್ತದೆ ಹೇಳಿದರು.

"ಅವರ ಮನೆ ತಗ್ಗಿನಲ್ಲಿದೆ, ಅಲ್ಲಿ ಹಿಡಿಯದಿಲ್ಲ. ಗದ್ದೆ ದಾಟಿದ ಕೂಡ್ಲೇ ಒಂದು ಬಂಡೆ ಇದೆ. ಅದರ ಮೇಲೆ ಗಳು ನಿಲ್ಲಿಸಿ ವಯರ್ ಎಳೆದ್ರೆ ಬರ್ತದೆ."

ರೇಡಿಯೋ ಹೊತ್ತು ಅಲೆದ ವರ್ಷಗಳಲ್ಲಿ ಯಾವ ಮನೆ ಯಾವ ಗುಡ್ಡಕ್ಕೆ ಬೆನ್ನು ಹಾಕಿದೆ, ಯಾವ ಕಣಿವೆಯಲ್ಲಿ ಏನು ಕೇಳುತ್ತದೆ ಎನ್ನುವುದೆಲ್ಲ ಅವರ ತಲೆಯೊಳಗೆ ಕೂತಿತ್ತು. ಹೊರಗೆ ಬಂದು ಗೌಡರಿಗೆ ಬಂಡೆಯ ವಿಷಯ ಹೇಳಿದೆ. ಅವರು ದಂಗಾದರು.

"ನಮ್ಮನೆ ಬಂಡೆ ನಿಮಗೆ ಹ್ಯಾಂಗೆ ಗೊತ್ತಮ್ಮ?"

"ಗೊತ್ತು" ಎಂದೆ.

ಅವರು ಟಿವಿ ಕೊಂಡು, ನನ್ನನ್ನು ಬಾಯ್ತುಂಬ ಹೊಗಳಿ ಹೋದರು. ನನ್ನ ಹೆಸರು ಹೇಳಲಿಲ್ಲ ಎಂದು ಹತ್ತು ವರ್ಷ ಕುದಿದವಳು ನಾನು. ಗಂಡನ ಹೆಸರು ಹೇಳದಿರಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ನಾಚಿಕೆಯಾಯಿತು. ಆದರೂ ಅದರ ಮಾರನೆಯ ದಿನ ಇನ್ನೊಬ್ಬರು ಬಂದಾಗ ಮತ್ತೆ ಒಳಗೆ ಹೋಗಿ ಕೇಳಿಕೊಂಡು ಬಂದು, ಮತ್ತೆ ನನ್ನದೇ ಎನ್ನುವಂತೆ ಹೇಳಿದೆ. ಹೊಗಳಿಕೆ ಅಷ್ಟು ರುಚಿ. ಹೀಗೆ ಒಂದೂವರೆ ತಿಂಗಳು. ಒಳಗಿನಿಂದ ಒಮ್ಮೆಯೂ ಆಕ್ಷೇಪಣೆ ಬರಲಿಲ್ಲ. ಕೇಳಿದಾಗೆಲ್ಲ ಹೇಳುತ್ತಿದ್ದರು, ನಿಧಾನವಾಗಿ, ಒಂದನ್ನೂ ಬಿಡದೆ.

ಒಂದು ದಿನ ಹೊಸನಗರದ ಆ ಗುಡ್ಡದ ಮನೆಯವರೇ ಮತ್ತೆ ಬಂದರು. ಏನಾದರೂ ಮಾಡಿ ಚಿತ್ರ ಬರಿಸಿ ಕೊಡಿ ಎಂದರು. ನಾನು ಅಭ್ಯಾಸದಂತೆ ಎದ್ದೆ. ಒಳಗೆ ಹೋಗುವ ಬಾಗಿಲಲ್ಲಿ ನಿಂತಾಗ ಹಿಂದಿನ ಜಗುಲಿಯಿಂದ ಬರುತ್ತಿದ್ದ ಬೀನ್ಸು ಮುರಿಯುವ ಸದ್ದು ನಿಂತಿತು. ಇವರು ನಾನು ಕೇಳುವುದಕ್ಕಾಗಿ ಕಾಯುತ್ತಿದ್ದರು. ಅಂಗಡಿಯ ಮಾತೆಲ್ಲ ಒಳಗೆ ಕೇಳುತ್ತದೆ, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಬಾಗಿಲಲ್ಲೇ ನಿಂತು ತಿರುಗಿ ಹೇಳಿದೆ, "ನಂಗೆ ಇದು ಗೊತ್ತಿಲ್ಲ. ಇಷ್ಟು ದಿನ ಹೇಳಿದ್ದೆಲ್ಲ ನಮ್ಮನೆಯವರು. ಅವರನ್ನೇ ಕರೀತೀನಿ."

ಒಳಕ್ಕೆ ಕೂಗಿದೆ. ಇವರು ಪಂಚೆಗೆ ಕೈ ಒರೆಸಿಕೊಳ್ಳುತ್ತ ಬಂದರು. ಅಂಗಡಿಯನ್ನು ಹೊಸಬರ ಹಾಗೆ ಸುತ್ತ ನೋಡಿದರು. ಮುಂದಿನ ಜಾಗವನ್ನೆಲ್ಲ ನನ್ನ ಮೇಜು ತಿಂದಿತ್ತು. ನಾನು ಮೇಜಿನ ಒಂದು ತುದಿ ಹಿಡಿದು ಎಳೆದೆ, ಬಂದವರು ಇನ್ನೊಂದು ತುದಿಗೆ ಕೈ ಕೊಟ್ಟರು. ಕುರ್ಚಿ ಹಿಡಿಯುವಷ್ಟು ಜಾಗವಾಯಿತು.

ಇವರು ಕೂತು, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, "ನಿಮ್ಮ ದನದ ಕೊಟ್ಟಿಗೆ ಈಗ್ಲೂ ಮೇಲ್ಬದಿಗೇ ಇದ್ಯಾ?" ಎಂದು ಕೇಳಿದರು. ಇದೆ ಎಂದರು ಅವರು. ಕೊಟ್ಟಿಗೆಗೂ ಟಿವಿಗೂ ಎಂತ ಸಂಬಂಧ ಎಂದು ನನಗೆ ತಿಳಿಯಲಿಲ್ಲ. ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳುತ್ತ ಕೂತೆ.